ಸೂಪಿಗೆ ಸಂಜೆಯ ಬೀದಿಯಲ್ಲಿ ತರಕಾರಿ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ: ನಾನು ಕೋಲಾರದ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಎರಡು ತಿಂಗಳ ಹಿಂದೆ ನಮ್ಮ ಅತ್ತೆ (68 ವರ್ಷ) ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಿದ್ದಾರೆ. ಊಟ ಸೇರುತ್ತಿಲ್ಲ. ದಿನಕ್ಕೆ ಎರಡು ಹೊತ್ತು ತರಕಾರಿ ಸೂಪ್ ಕೊಡಿ ಎಂದು ವೈದ್ಯರು ಹೇಳಿದ್ದಾರೆ. ಶಾಲೆ ಮುಗಿಸಿ ಬರುವಾಗ ಸಂಜೆ ಆರೂವರೆಗೆ ಹಳೇ ಬಸ್ ನಿಲ್ದಾಣದ ಬಳಿ ಬೀದಿಬದಿಯಲ್ಲಿ ಸೊಪ್ಪು, ತರಕಾರಿ ಕೊಳ್ಳುತ್ತೇನೆ. ಸೊಪ್ಪೆಲ್ಲ ಬೆಂಗಳೂರಿನ ಚರಂಡಿ ನೀರಿನಲ್ಲಿ ಬೆಳೆದದ್ದು, ಟೊಮೆಟೊಗೆ ಇಂಜೆಕ್ಷನ್ ಕೊಟ್ಟಿರುತ್ತಾರೆ, ಕ್ಯಾರೆಟ್ಟಿಗೆ ಬಣ್ಣ ಹಾಕಿರುತ್ತಾರೆ ಎಂದು ಅಕ್ಕಪಕ್ಕದವರು ಹೆದರಿಸುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಪ್ಯಾಕೆಟ್ ತರಕಾರಿ ತರೋಣ ಎನ್ನುತ್ತಾರೆ ನಮ್ಮವರು. ಮೂಳೆ ಕೂಡಬೇಕಾದರೆ ಮೇಕೆಯ ಕಾಲು ಸೂಪೇ ಆಗಬೇಕು ಎನ್ನುತ್ತಾಳೆ ನಾದಿನಿ. ನಾನು ಎಲ್ಲವನ್ನೂ ಒಂದು ಗಂಟೆ ಉಪ್ಪುನೀರಿನಲ್ಲಿ ನೆನೆಸಿ ಬಳಸುತ್ತಿದ್ದೇನೆ. ಇಷ್ಟು ಸಾಕೇ? ಉಳಿದ ಸೂಪನ್ನು ಮರುದಿನ ಕೊಡಬಹುದೇ? ಅತ್ತೆಗೆ ನಾಲ್ಕು ವರ್ಷದ ಹಿಂದೆ ಹೃದಯದ ಕವಾಟ ಬದಲಿಸಿದ್ದು, ರಕ್ತ ತೆಳುವಾಗುವ ಮಾತ್ರೆ ದಿನವೂ ನಡೆಯುತ್ತಿದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಪತ್ರದಲ್ಲಿ ನನ್ನನ್ನು ನಿಜವಾಗಿ ಗಾಬರಿಗೊಳಿಸಿದ್ದು ಅದೊಂದೇ ಸಾಲು.

ಕವಾಟ ಬದಲಿಸಿದವರಿಗೆ ಸಾಮಾನ್ಯವಾಗಿ ಕೊಡುವುದು ವಾರ್ಫರಿನ್ ಅಥವಾ ಅಸಿನೋಕೌಮರಾಲ್ ಎಂಬ ಮಾತ್ರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಕೆಲಸವನ್ನು ತಡೆದು ಇವು ರಕ್ತವನ್ನು ತೆಳುವಾಗಿ ಇಡುತ್ತವೆ. ಆ ಕೆ ಜೀವಸತ್ವ ತುಂಬಿರುವುದು ಹಸಿರು ಸೊಪ್ಪುಗಳಲ್ಲಿ: ನುಗ್ಗೆ ಸೊಪ್ಪು, ಪಾಲಕ್, ಮೆಂತ್ಯ, ದಂಟು, ಕೊತ್ತಂಬರಿ. ಇದುವರೆಗೆ ವಾರಕ್ಕೆರಡು ಸಲ ಸೊಪ್ಪಿನ ಸಾರು ಉಣ್ಣುತ್ತಿದ್ದವರಿಗೆ ಈಗ ದಿನಕ್ಕೆರಡು ಬಟ್ಟಲು ರುಬ್ಬಿದ ಸೊಪ್ಪಿನ ಸೂಪ್ ಕೊಟ್ಟರೆ ಮಾತ್ರೆಯ ಬಲ ಕುಗ್ಗುತ್ತದೆ, ಕವಾಟದ ಬಳಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಹೆದರಿ ಒಮ್ಮೆಲೇ ಸೊಪ್ಪು ನಿಲ್ಲಿಸಿದರೆ ಮಾತ್ರೆಯ ಬಲ ಏರಿ ರಕ್ತಸ್ರಾವದ ಅಪಾಯ. ಸೊಪ್ಪು ಶತ್ರುವಲ್ಲ, ಅದರ ಏರುಪೇರು ಶತ್ರು. ಮಾತ್ರೆಯ ಪಟ್ಟಿಯಲ್ಲಿರುವ ಹೆಸರನ್ನು ಬರೆದುಕೊಂಡು ನಾಳೆಯೇ ಹೃದ್ರೋಗ ವೈದ್ಯರಿಗೆ ತಿಳಿಸಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐ.ಎನ್.ಆರ್. ರಕ್ತಪರೀಕ್ಷೆ ಯಾವಾಗ ಮಾಡಿಸಬೇಕು ಎಂದು ಅವರೇ ಹೇಳುತ್ತಾರೆ. ಸೂಪ್ ಕೊಡಿ ಎಂದ ಮೂಳೆ ವೈದ್ಯರಿಗೆ ಈ ಮಾತ್ರೆಯ ಸಂಗತಿ ಗೊತ್ತಿದೆಯೇ ಎಂಬುದನ್ನೂ ಕೇಳಿ ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ಸೊಪ್ಪಿನ ಪ್ರಮಾಣ ಅತ್ತೆ ಬೀಳುವ ಮುಂಚೆ ಎಷ್ಟಿತ್ತೋ ಅಷ್ಟೇ ಇರಲಿ. ಸೂಪನ್ನು ಸೋರೆಕಾಯಿ, ಕ್ಯಾರೆಟ್, ಟೊಮೆಟೊ, ಈರುಳ್ಳಿ, ಹೆಸರುಬೇಳೆಯಿಂದ ಮಾಡಿ.

ಇನ್ನು ಮಾರುಕಟ್ಟೆಯ ವಿಷಯ. ಕೊಯ್ದ ಮೇಲೆ ತರಕಾರಿಗೆ ಏನಾಗುತ್ತದೆ ಎಂಬುದನ್ನು ಇಪ್ಪತ್ತೈದು ವರ್ಷಗಳಿಂದ ನೋಡುತ್ತ ಬಂದವಳು ನಾನು. ಕೋಲಾರದವರಿಗೆ ಸೂಪ್ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನೇ ಸಾರು ಮಾಡಿ, ಅದಕ್ಕೆ ಬಸ್ಸಾರು ಎಂದು ಹೆಸರಿಟ್ಟು ಮುದ್ದೆಯೊಂದಿಗೆ ಉಂಡ ನಾಡು ಇದು. ತರಕಾರಿಯ ಸಾರವೆಲ್ಲ ಬೇಯಿಸಿದ ನೀರಿಗೆ ಇಳಿಯುತ್ತದೆ ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಆದರೆ ಆ ನೀರಿಗೆ ಸಾರ ಮಾತ್ರ ಇಳಿಯುವುದಿಲ್ಲ, ತರಕಾರಿಯ ಮೇಲೆ ಅಂಟಿಕೊಂಡದ್ದೂ ಇಳಿಯುತ್ತದೆ. ಪಲ್ಯಕ್ಕಾದರೆ ಒಮ್ಮೆ ಬೇಯಿಸಿ ನೀರು ಚೆಲ್ಲುವ ಅವಕಾಶವಿದೆ. ಸೂಪಿನಲ್ಲಿ ಇಲ್ಲ. ಆದ್ದರಿಂದ ಸೂಪಿನ ತರಕಾರಿಯನ್ನು ಪಲ್ಯದ ತರಕಾರಿಗಿಂತ ಒಂದು ಕೈ ಹೆಚ್ಚು ಎಚ್ಚರದಿಂದ ಆರಿಸಬೇಕು. ನಿಮ್ಮ ಆತಂಕ ಸರಿಯಾದದ್ದೇ. ಅದು ಹಿಡಿದಿರುವ ದಾರಿ ಮಾತ್ರ ತಪ್ಪಿದೆ.

ನೆರೆಯವರು ಹೇಳುವ ‘ವಿಷ’ದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಮೊದಲನೆಯದು ರೋಗಾಣು ಮತ್ತು ಹುಳುವಿನ ಮೊಟ್ಟೆ. ಕೊಳಕು ನೀರು ಚಿಮುಕಿಸಿದ ಸೊಪ್ಪಿನಲ್ಲಿ ಇದು ನಿಜಕ್ಕೂ ಇರುತ್ತದೆ. ಆದರೆ ಹತ್ತು ನಿಮಿಷ ಕುದಿಯುವ ಸೂಪಿನಲ್ಲಿ ಅದು ಬದುಕುವುದಿಲ್ಲ. ಅಪಾಯವಿರುವುದು ಕೊನೆಗೆ ಮೇಲೆ ಉದುರಿಸುವ ಹಸಿ ಕೊತ್ತಂಬರಿಯಲ್ಲಿ. ಕೊತ್ತಂಬರಿಯನ್ನೂ ಕುದಿಯುವಾಗಲೇ ಹಾಕಿಬಿಡಿ. ಎರಡನೆಯದು ಕೀಟನಾಶಕ. ಇದರಲ್ಲಿ ಒಂದು ಪಾಲು ಮೇಲ್ಮೈಯಲ್ಲಿ ಕುಳಿತಿರುತ್ತದೆ, ತೊಳೆದರೆ ಬಹುಪಾಲು ಹೋಗುತ್ತದೆ. ಗಿಡದೊಳಗೆ ಹರಿದ ಪಾಲನ್ನು ಯಾವ ನೀರೂ ತೆಗೆಯಲಾರದು. ಮೂರನೆಯದು ಸೀಸ, ಕ್ಯಾಡ್ಮಿಯಂನಂತಹ ಲೋಹಗಳು. ಮಣ್ಣಿನಿಂದಲೋ ನೀರಿನಿಂದಲೋ ಎಲೆಯೊಳಗೆ ಸೇರಿದ ಮೇಲೆ ತೊಳೆದರೂ ಕುದಿಸಿದರೂ ಅವು ನಾಶವಾಗುವುದಿಲ್ಲ.

ಚರಂಡಿ ನೀರಿನ ಭಯಕ್ಕೆ ಈ ಮೂರನೆಯದೇ ಮೂಲ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ತ್ಯಾಜ್ಯನೀರು ಎರಡನೇ ಹಂತದವರೆಗೆ ಶುದ್ಧೀಕರಣಗೊಂಡು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದರ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು. ಕೆರೆಗೆ ಮೋಟಾರು ಇಟ್ಟು ನೇರವಾಗಿ ಹೊಲಕ್ಕೆ ನೀರೆತ್ತಲು ಅನುಮತಿಯಿಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯ ಜನ ಕೇಳುತ್ತ ಬಂದಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಶುದ್ಧೀಕರಿಸಿ ಕೆರೆಗೆ ಬಿಟ್ಟು, ಮಣ್ಣಿನಲ್ಲಿ ಇಂಗಿ ಕೊಳವೆಬಾವಿಗೆ ಬಂದ ನೀರೂ ನಗರದ ರಾಜಕಾಲುವೆಯಿಂದ ನೇರವಾಗಿ ಎತ್ತಿದ ಕಪ್ಪು ನೀರೂ ಒಂದೇ ಅಲ್ಲ. ನಿಮ್ಮ ಬೀದಿಯಲ್ಲಿ ಕುಳಿತ ಎಲ್ಲರ ಸೊಪ್ಪನ್ನೂ ‘ಚರಂಡಿ ಸೊಪ್ಪು’ ಎಂದುಬಿಟ್ಟರೆ ಬೋರ್‌ವೆಲ್ ನೀರಿನಲ್ಲಿ ಬೆಳೆದು ತಂದ ಹತ್ತಾರು ಹೆಂಗಸರಿಗೆ ಅನ್ಯಾಯವಾಗುತ್ತದೆ. ನೀವು ಮಾಡಬಹುದಾದದ್ದು ಇಷ್ಟು: ‘ಅಕ್ಕ, ಯಾವ ಊರಿನ ಸೊಪ್ಪು?’ ಎಂದು ಕೇಳುವುದು. ತಾನೇ ಬೆಳೆದವಳು ಊರು, ಬಾವಿ, ಯಾವಾಗ ಕೊಯ್ದದ್ದು ಎಲ್ಲವನ್ನೂ ಕೇಳದೆಯೇ ಹೇಳುತ್ತಾಳೆ. ಮಂಡಿಯಿಂದ ಕೊಂಡು ತಂದವಳಿಗೆ ಅದು ತಿಳಿದಿರುವುದಿಲ್ಲ. ಹಾಗೆಂದು ಅವಳು ಮೋಸಗಾರ್ತಿಯಲ್ಲ. ಸೂಪಿನ ಸೊಪ್ಪನ್ನು ಮೊದಲನೆಯವಳ ಬಳಿ ಕೊಳ್ಳಿ, ಈರುಳ್ಳಿ, ಆಲೂಗಡ್ಡೆ, ಸೋರೆಕಾಯಿಯನ್ನು ಎರಡನೆಯವಳ ಬಳಿ ಕೊಳ್ಳಿ. ಸಾಮಾನ್ಯವಾಗಿ ಲೋಹಗಳು ಎಲೆಯಲ್ಲಿ ಸೇರಿಕೊಳ್ಳುವಷ್ಟು ಕಾಯಿಯಲ್ಲಿ ಸೇರಿಕೊಳ್ಳುವುದಿಲ್ಲ.

ಟೊಮೆಟೊ ಇಂಜೆಕ್ಷನ್ ಶುದ್ಧ ಕಟ್ಟುಕಥೆ. ನಮ್ಮ ಎ.ಪಿ.ಎಂ.ಸಿ. ಅಂಗಳದಲ್ಲಿ ಸುಗ್ಗಿಯ ದಿನ 15 ಕಿಲೋ ಬಾಕ್ಸುಗಳ ಸಾಲುಗಳನ್ನು ನೋಡಿದವರಿಗೆ ಒಂದೊಂದು ಹಣ್ಣಿಗೆ ಸೂಜಿ ಚುಚ್ಚುವುದು ಆಗದ ಮಾತು ಎಂದು ತಿಳಿಯುತ್ತದೆ. ಟೊಮೆಟೊ ಕಿತ್ತ ಮೇಲೂ ತಾನಾಗಿ ಹಣ್ಣಾಗುತ್ತದೆ. ಅದಕ್ಕೆ ಬೇಕಾದ ಎಥಿಲೀನ್ ಅನಿಲವನ್ನು ಅದೇ ಉತ್ಪಾದಿಸಿಕೊಳ್ಳುತ್ತದೆ. ದೂರದ ಊರಿಗೆ ಹೋಗಬೇಕಾದದ್ದನ್ನು ಬಣ್ಣ ತಿರುಗುವ ಹೊತ್ತಿಗೇ ಕಿತ್ತಿರುತ್ತಾರೆ. ಗಟ್ಟಿ ಸಿಪ್ಪೆಯ ಫಾರಂ ಟೊಮೆಟೊ ವಾರವಾದರೂ ಕೆಡದಿರುವುದು ತಳಿಯ ಗುಣ, ರಾಸಾಯನಿಕದ ಮಹಿಮೆಯಲ್ಲ. ಕತ್ತರಿಸಿದಾಗ ಒಳಗೆ ಬೀಜ ಮೊಳೆತಿದ್ದರೆ ಹಣ್ಣು ಹಳೆಯದು ಎಂದು ಅರ್ಥ, ಅಷ್ಟೇ. ಸೂಪಿಗೆ ನನ್ನ ಆಯ್ಕೆ ಮಾತ್ರ ನಾಟಿ ಟೊಮೆಟೊ. ಸಿಪ್ಪೆ ತೆಳು, ರಸ ಹೆಚ್ಚು, ಹುಳಿ ಚೆನ್ನಾಗಿರುತ್ತದೆ, ನಾಲಿಗೆ ಸತ್ತವರಿಗೂ ರುಚಿ ಹತ್ತುತ್ತದೆ. ಆದರೆ ಎರಡು ದಿನಕ್ಕಿಂತ ತಡೆಯುವುದಿಲ್ಲ.

ಕ್ಯಾರೆಟ್ ಹೆಚ್ಚುವಾಗ, ತುರಿಯುವಾಗ ಬೆರಳು ಕೇಸರಿಯಾಗುವುದು ಸಹಜ. ಅದರ ಬಣ್ಣವಾದ ಕ್ಯಾರೋಟಿನ್ ಕರಗುವುದು ಎಣ್ಣೆ, ತುಪ್ಪದಲ್ಲಿ, ನೀರಿನಲ್ಲಲ್ಲ. ಇಡೀ ಕ್ಯಾರೆಟ್ಟನ್ನು ತಣ್ಣೀರಿನಲ್ಲಿಟ್ಟಾಗ ನೀರು ಬೇಗನೆ ಬಣ್ಣಕ್ಕೆ ತಿರುಗಿದರೆ ಮಾತ್ರ ಅನುಮಾನಿಸಿ. ಇದೇ ಕಾರಣಕ್ಕೆ ಕ್ಯಾರೆಟ್ ಸೂಪಿಗೆ ಅರ್ಧ ಚಮಚ ತುಪ್ಪ ಹಾಕಲೇಬೇಕು, ಇಲ್ಲದಿದ್ದರೆ ಅದರ ಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಣ್ಣ ಹಾಕುವ ದುರಭ್ಯಾಸ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬಟಾಣಿ, ಹಸಿಮೆಣಸಿನಕಾಯಿಯಂತಹ ಹಸಿರು ತರಕಾರಿಗೆ ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣ ಸೇರಿಸುವುದುಂಟು. ಹತ್ತಿಯನ್ನು ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಅದ್ದಿ ತರಕಾರಿಯ ಮೇಲೆ ಉಜ್ಜಿ, ಹತ್ತಿ ಹಸಿರಾದರೆ ಬಣ್ಣ ಹಾಕಿದ್ದಾರೆ ಎಂದು ಅರ್ಥ. ಸೂಪಿನ ಮೇಲೆ ಉದುರಿಸುವ ಕಾಳುಮೆಣಸನ್ನೂ ಒಮ್ಮೆ ನೀರಿಗೆ ಹಾಕಿ ನೋಡಿ. ಮೆಣಸು ತಳ ಸೇರುತ್ತದೆ, ಬೆರೆಸಿದ ಪರಂಗಿ ಬೀಜ ತೇಲುತ್ತದೆ.

ಈ ಬಣ್ಣ, ಇಂಜೆಕ್ಷನ್‌ಗಳ ಮಾತಿನಲ್ಲಿ ಯಾರೂ ಹೇಳದೇ ಬಿಡುವ ಸಂಗತಿಯೆಂದರೆ ಹೊತ್ತು. ನೀವು ಸೊಪ್ಪು ಕೊಳ್ಳುವುದು ಸಂಜೆ ಆರೂವರೆಗೆ. ಆ ಕಟ್ಟನ್ನು ಹಿಂದಿನ ದಿನ ಸಂಜೆಯೇ ಕಿತ್ತು, ಬಾಳೆನಾರಿನಲ್ಲಿ ಬಿಗಿದು, ಗೋಣಿಯಲ್ಲಿ ತುಂಬಿ, ಬೆಳಗಿನ ಜಾವ ಲಗೇಜ್ ಆಟೊದಲ್ಲಿ ತಂದಿರುತ್ತಾರೆ. ಕಿತ್ತ ಸೊಪ್ಪು ಸತ್ತಿರುವುದಿಲ್ಲ, ಉಸಿರಾಡುತ್ತಿರುತ್ತದೆ. ಉಸಿರಾಡುವಾಗ ಶಾಖ ಹೊಮ್ಮುತ್ತದೆ. ಬಿಗಿದ ಕಟ್ಟಿನೊಳಗೆ ಆ ಶಾಖಕ್ಕೆ ಹೊರಹೋಗುವ ದಾರಿಯಿಲ್ಲ. ವಿದ್ಯಾರ್ಥಿಗಳನ್ನು ಮಾರುಕಟ್ಟೆಗೆ ಕರೆದೊಯ್ದಾಗಲೆಲ್ಲ ನಾನು ಮೊದಲು ಮಾಡಿಸುತ್ತಿದ್ದದ್ದು ಇದನ್ನೇ: ಮಧ್ಯಾಹ್ನದ ದಂಟಿನ ಸೊಪ್ಪಿನ ಕಟ್ಟೊಂದನ್ನು ತೆಗೆದುಕೊಂಡು, ನಾರು ಕಟ್ಟಿದ ಕಡೆ ಎರಡು ಬೆರಳು ತೂರಿಸಿ ನೋಡುವುದು. ಹೊರಗಿನ ಎಲೆಗಳು ಚಿಮುಕಿಸಿದ ನೀರಿನಿಂದ ತಂಪಾಗಿ ನಳನಳಿಸುತ್ತಿರುತ್ತವೆ. ಒಳಗೆ ಜ್ವರ ಬಂದ ಮಗುವಿನ ಕಂಕುಳಿನಷ್ಟು ಬಿಸಿ. ಇನ್ನೂ ಒಳಗೆ ಎರಡು ಮೂರು ಎಲೆ ಹಳದಿಯಾಗಿ, ಕಾಂಡದ ಬುಡ ಲೋಳೆಯಾಗಿರುತ್ತದೆ, ಮೂಸಿದರೆ ಹುಳಿ ವಾಸನೆ. ಮೇಲಿಂದ ನೀರು ಚಿಮುಕಿಸಿದಷ್ಟೂ ಕಣ್ಣಿಗೆ ಚೆಂದ, ಒಳಗೆ ಕೊಳೆಯುವುದು ಬೇಗ. ಸಿ ಜೀವಸತ್ವ ಎಲ್ಲಕ್ಕಿಂತ ಮುಂಚೆ ನಶಿಸುವುದು ಇಂತಹ ಬಿಸಿಯಲ್ಲೇ.

ಆದ್ದರಿಂದ ಕಟ್ಟಿನ ಗಾತ್ರ ನೋಡಬೇಡಿ, ಬೆರಳು ತೂರಿಸಿ ನೋಡಿ. ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಒಬ್ಬ ಅಜ್ಜಿಯಂತೂ ನನ್ನನ್ನು ನೋಡಿ, ‘ಬಿಸಿ ಇದ್ದರೆ ಬಿಡಿ ಅಮ್ಮಾ, ಅದನ್ನು ನನ್ನ ಹಸುವಿಗೆ ಒಯ್ಯುತ್ತೇನೆ’ ಎಂದು ತಾನೇ ನಾರು ಬಿಚ್ಚಿ ತೋರಿಸಿದ್ದರು. ಇಪ್ಪತ್ತು ವರ್ಷದ ಓದಿನಲ್ಲಿ ಸಿಗದ ಮಾತು ಅದು.

ಸಂಜೆಯ ಇನ್ನೊಂದು ತೊಂದರೆ ಬೆಳಕು. ಟೊಮೆಟೊ ಗಾಡಿಯ ಮೇಲೆ ಕೆಂಪು ಟಾರ್ಪಾಲು ಕಟ್ಟಿದ್ದರೆ ಅರೆಗಾಯಿಯೂ ಹಣ್ಣಾಗಿ ಕಾಣುತ್ತದೆ. ಬೆಳ್ಳಗಿನ ಎಲ್‌ಇಡಿ ದೀಪದ ಕೆಳಗೆ ಆಲೂಗಡ್ಡೆಯ ಹಸಿರು ಮರೆಯಾಗುತ್ತದೆ. ಕೈಗೆತ್ತಿಕೊಂಡು ಎರಡು ಹೆಜ್ಜೆ ಹೊರಗೆ ಬಂದು ನೋಡಿ. ಹಸಿರು ತಿರುಗಿದ, ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೊಲನಿನ್ ಎಂಬ ವಿಷವಿದ್ದು, ಕುದಿಸಿದರೂ ಅದು ನಾಶವಾಗುವುದಿಲ್ಲ. ಗುಡ್ಡೆ ಲೆಕ್ಕದಲ್ಲಿ ಕೊಳ್ಳುವುದಾದರೆ ಗುಡ್ಡೆಯ ತಳದ್ದನ್ನು ಒಮ್ಮೆ ಮೇಲೆ ಮಾಡಿಸಿ.

ಅತ್ತೆಯ ಸೂಪಿಗೆ ಸೋರೆಕಾಯಿ ಹಾಕಿ ಎಂದೆ. ಅದಕ್ಕೊಂದು ಕಟ್ಟುನಿಟ್ಟಿನ ಎಚ್ಚರಿಕೆಯೂ ಬೇಕು. ಪ್ರತಿ ಸೋರೆಕಾಯಿಯ ಒಂದು ಚೂರನ್ನು ಹಸಿಯಾಗಿಯೇ ನಾಲಿಗೆಗೆ ತಾಕಿಸಿ ಉಗುಳಿ. ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿ ಕುಕರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಬೆಲ್ಲ ಹಾಕಿದರೂ ಅದು ಹೋಗುವುದಿಲ್ಲ, ವಾಂತಿ, ರಕ್ತಭೇದಿ ತರುತ್ತದೆ. ನಮ್ಮ ದೇಶದಲ್ಲಿ ಕಹಿ ಸೋರೆಕಾಯಿ ರಸ ಕುಡಿದು ಜೀವ ಕಳೆದುಕೊಂಡವರಿದ್ದಾರೆ. ‘ಕಹಿ ಆರೋಗ್ಯಕ್ಕೆ ಒಳ್ಳೆಯದು’ ಎಂಬ ಮಾತನ್ನು ಹಾಗಲಕಾಯಿಗೆ ಮಾತ್ರ ಇಟ್ಟುಕೊಳ್ಳಿ.

ಉಪ್ಪುನೀರಿನ ವಿಷಯಕ್ಕೆ ಬಂದರೆ, ಒಂದು ಗಂಟೆ ನೆನೆಸುವುದು ಬೇಡ. ಎಲೆಯ ಮರೆಯಲ್ಲಿರುವ ಹುಳು ಹೊರಬರಲು ಉಪ್ಪುನೀರು ಒಳ್ಳೆಯದು, ಅದಕ್ಕೆ ಹತ್ತು ನಿಮಿಷ ಸಾಕು. ಕೀಟನಾಶಕ ಹೋಗುವುದರಲ್ಲಿ ಹೆಚ್ಚಿನ ಪಾಲು ಹರಿಯುವ ನೀರಿನದು ಮತ್ತು ನಿಮ್ಮ ಬೆರಳಿನ ಉಜ್ಜುವಿಕೆಯದು. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಎಲೆಗಳನ್ನು ಬಿಡಿಸಿ, ಅಗಲವಾದ ಪಾತ್ರೆಯಲ್ಲಿ ಮೂರು ನೀರು ಬದಲಿಸಿ ಜಾಲಿಸಿ. ಮಣ್ಣು ತಳಕ್ಕೆ ಇಳಿಯುತ್ತದೆ, ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳಿ, ನೀರನ್ನು ಸೊಪ್ಪಿನ ಮೇಲೇ ಬಸಿಯಬೇಡಿ. ತೊಳೆದ ಮೇಲೆಯೇ ಹೆಚ್ಚಬೇಕು, ಹೆಚ್ಚಿ ತೊಳೆದರೆ ಸತ್ವವೂ ನೀರಿನೊಂದಿಗೆ ಹೋಗುತ್ತದೆ. ಕ್ಯಾರೆಟ್, ಸೋರೆಕಾಯಿಯ ಸಿಪ್ಪೆ ತೆಗೆಯಿರಿ. ಎಲೆಕೋಸಿನ ಹೊರಗಿನ ಎರಡು ಮೂರು ಎಲೆ ತೆಗೆಯಿರಿ. ಪಾತ್ರೆ ತೊಳೆಯುವ ಸೋಪನ್ನು ಎಂದಿಗೂ ಮುಟ್ಟಿಸಬೇಡಿ.

ಸಿಂಪಡಣೆಯ ಬಗ್ಗೆ ರೈತರ ಪರವಾಗಿಯೂ ಒಂದು ಮಾತು. ಪ್ರತಿ ಔಷಧಿಗೂ ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕಾದು ಕೊಯ್ಯಬೇಕೆಂಬ ಅವಧಿಯಿದೆ. ಬೆಲೆ ದಿಢೀರನೆ ಏರಿದಾಗ, ನಾಳೆ ಇಳಿಯುತ್ತದೋ ಏನೋ ಎಂಬ ಭಯದಲ್ಲಿ ಆ ದಿನಗಳನ್ನು ಕಾಯದೆ ಕೊಯ್ದುಬಿಡುತ್ತಾರೆ. ಸಾಲ ತಲೆಯ ಮೇಲಿರುವಾಗ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನೀವು ಮಾಡಬೇಕಾದದ್ದು ಕಾಲ ತಪ್ಪಿ ಬಂದ, ಬೆಲೆ ಗಗನಕ್ಕೇರಿದ ತರಕಾರಿಯನ್ನು ರೋಗಿಯ ಸೂಪಿನಿಂದ ದೂರವಿಡುವುದು. ಬೇಸಿಗೆಯ ಹೂಕೋಸನ್ನು ನಾನಾದರೆ ಕೊಳ್ಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಾಗ ಹಿತಕಿದ ಬೇಳೆಯನ್ನು ಧಾರಾಳವಾಗಿ ಹಾಕುತ್ತೇನೆ.

ಕಾಲು ಸೂಪಿನ ಬಗ್ಗೆ ನಿಮ್ಮ ನಾದಿನಿಯೊಡನೆ ಜಗಳವಾಡಬೇಡಿ. ಅತ್ತೆಗೆ ಇಷ್ಟವಿದ್ದರೆ, ವೈದ್ಯರ ಅಡ್ಡಿಯಿಲ್ಲದಿದ್ದರೆ, ವಾರಕ್ಕೊಮ್ಮೆ ಕೊಡಿ. ಹಸಿವು ಕೆರಳಿಸುವ ಗುಣ ಅದಕ್ಕಿದೆ. ಆದರೆ ಮೂಳೆಯನ್ನು ಕುದಿಸಿದರೆ ಮೂಳೆಯ ಸುಣ್ಣ, ಅಂದರೆ ಕ್ಯಾಲ್ಸಿಯಂ, ನೀರಿಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬರುವುದು ಅತ್ಯಲ್ಪ. ಅಂಟಂಟಾದ ಜೆಲಟಿನ್ ಬರುತ್ತದೆ. ಅದೂ ಪ್ರೋಟೀನೇ, ಆದರೆ ಮೈಗೆ ಬೇಕಾದ ಎಲ್ಲ ಅಂಶಗಳೂ ಇಲ್ಲದ ಅಪೂರ್ಣ ಪ್ರೋಟೀನ್. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸೂಪನ್ನು ಮಂದ ಮಾಡಲು ಕಾರ್ನ್‌ಫ್ಲೋರ್ ಬದಲು ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ಎರಡು ಚಮಚ ಕದಡಿ ಹಾಕಿ. ಪ್ರೋಟೀನಿಗೆ ಹೆಸರುಬೇಳೆ, ಒಗ್ಗುವುದಾದರೆ ಮೊಟ್ಟೆ. ಕಾಲು ಕೊಳ್ಳುವಾಗ ಮೂಸಿ ನೋಡಿ. ರೋಮ ಸುಡಲು ಬಳಸಿದ ಸೀಮೆಎಣ್ಣೆಯ ಅಥವಾ ಟೈರಿನ ವಾಸನೆ ಬಂದರೆ ಅಲ್ಲೇ ಹಿಂದಿರುಗಿಸಿ. ಕುದಿಸಿ ಆರಿದ ಮೇಲೆ ಮೇಲೆ ಕಟ್ಟುವ ಕೊಬ್ಬನ್ನು ತೆಗೆದುಹಾಕಿ.

ನಿಮ್ಮ ಯಜಮಾನರ ಸಲಹೆಯಲ್ಲೂ ತಪ್ಪಿಲ್ಲ, ಆದರೆ ಅದರಿಂದ ನೀವು ಬಯಸಿದ ನೆಮ್ಮದಿ ಸಿಗಲಾರದು. ಪ್ಯಾಕೆಟ್ ತರಕಾರಿಯೂ ಇದೇ ಹೊಲಗಳದ್ದು. ತಂಪಿನಲ್ಲಿ ಇಡುವುದರಿಂದ ಸೊಪ್ಪು ಕಟ್ಟಿನೊಳಗೆ ಬೇಯುವುದಿಲ್ಲ ಎಂಬುದು ಅದರ ಲಾಭ. ಎಷ್ಟು ದಿನದ್ದು ಎಂದು ಕೇಳಲು ಎದುರಿಗೆ ಯಾರೂ ಇಲ್ಲ ಎಂಬುದು ನಷ್ಟ. ‘ಸಾವಯವ’ ಎಂದು ದೊಡ್ಡದಾಗಿ ಬರೆದಿದ್ದರೆ ಸಾಲದು, ಪ್ಯಾಕೆಟ್ಟಿನ ಮೇಲೆ ಜೈವಿಕ್ ಭಾರತ್‌ನಂತಹ ಸರ್ಕಾರಿ ಸಾವಯವ ಚಿಹ್ನೆ ಇದೆಯೇ ನೋಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಗಟ್ಟಿ ತರಕಾರಿಯನ್ನು ಸಂಜೆಯೇ ಕೊಳ್ಳುವುದು, ಅದಕ್ಕೆ ಹೊತ್ತಿನ ಹಂಗಿಲ್ಲ. ಸೊಪ್ಪನ್ನು ಮಾತ್ರ ವಾರಕ್ಕೆ ಎರಡು ದಿನ ಬೆಳಗ್ಗೆ ಆರೂವರೆಯೊಳಗೆ ಹೋಗಿ, ತಾನೇ ಬೆಳೆದು ತರುವ ಒಬ್ಬಳ ಬಳಿ ಕೊಳ್ಳುವುದು. ನಿಮಗೆ ಬೆಳಗ್ಗೆ ಅಡುಗೆ, ಶಾಲೆಯ ಧಾವಂತ, ಅದು ಯಜಮಾನರ ಕೆಲಸವಾಗಲಿ. ತಂದ ಕೂಡಲೇ ನಾರು ಬಿಚ್ಚಿ, ಕೊಳೆತ ಎಲೆ ತೆಗೆದು, ತೊಳೆಯದೆ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಟೊಮೆಟೊವನ್ನು ಹೊರಗೇ ಇಡಿ. ಮಹಡಿಯಲ್ಲಿ ಬಿಸಿಲು ಬೀಳುವ ಜಾಗವಿದ್ದರೆ ಎರಡು ಅಗಲ ಕುಂಡಗಳಲ್ಲಿ ಮೆಂತ್ಯ ಚೆಲ್ಲಿ. ಮೂರು ನಾಲ್ಕು ವಾರದಲ್ಲಿ ಕೈಗೆ ಬರುತ್ತದೆ, ಅದಕ್ಕೆ ಎಂತಹ ನೀರು ಹಾಕಿದ್ದೀರಿ ಎಂಬುದು ನಿಮಗೇ ಗೊತ್ತಿರುತ್ತದೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು ಹೇಳಬೇಕು. ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯವರಿದ್ದರೆ ಈ ಉತ್ತರವನ್ನು ಹಾಗೆಯೇ ಅನುಸರಿಸಬೇಡಿ. ತರಕಾರಿ ಬೆಂದ ನೀರಿಗೆ ಪೊಟ್ಯಾಸಿಯಂ ಇಳಿಯುತ್ತದೆ. ಇತರರಿಗೆ ಅದೇ ಸಾರ, ಅವರಿಗೆ ಅದೇ ಅಪಾಯ. ಅವರ ತರಕಾರಿಯನ್ನು ಬೇಯಿಸಿ ನೀರು ಚೆಲ್ಲಿಯೇ ಬಳಸುವಂತೆ ವೈದ್ಯರು ಹೇಳುವುದು ಇದಕ್ಕೇ.

ಉಳಿದ ಸೂಪಿನ ಪ್ರಶ್ನೆ ಬಾಕಿಯಿದೆ. ಒಲೆಯ ಮೇಲೆ ಮುಚ್ಚಿಟ್ಟು ರಾತ್ರಿಯಿಡೀ ಬಿಟ್ಟ ಸೂಪನ್ನು ಕೊಡಬೇಡಿ, ಬೆಳಗ್ಗೆ ಎಷ್ಟೇ ಕುದಿಸಿದರೂ ಬೇಡ. ಕೆಲವು ರೋಗಾಣುಗಳು ಬಿಟ್ಟುಹೋದ ವಿಷ ಕುದಿತಕ್ಕೆ ಬಗ್ಗುವುದಿಲ್ಲ. ಸಂಜೆಯ ಸೂಪನ್ನು ಬೆಳಗ್ಗೆಗೂ ಬೇಕೆಂದು ಮಾಡುವುದಾದರೆ ಇಳಿಸಿದ ಕೂಡಲೇ ಅರ್ಧವನ್ನು ಬೇರೆ ಸ್ಟೀಲ್ ಡಬ್ಬಿಗೆ ಬಗ್ಗಿಸಿ, ಡಬ್ಬಿಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಳಗ್ಗೆ ಚೆನ್ನಾಗಿ ಮರಳುವವರೆಗೆ ಕುದಿಸಿ ಕೊಡಿ. ಅದರಲ್ಲೂ ಉಳಿದದ್ದನ್ನು ಮತ್ತೆ ಇಡಬೇಡಿ. ಅತ್ತೆ ಒಮ್ಮೆಗೆ ಅರ್ಧ ಬಟ್ಟಲು ಕುಡಿದರೂ ಸಾಕು. ಅಳತೆ ಕಡಿಮೆ ಮಾಡಿ, ದಿನಕ್ಕೆ ಮೂರು ಸಲ ಬಿಸಿಬಿಸಿಯಾಗಿ ಕೊಡಿ.